ಜವಳಿ ಕಪಾಟಿನಲ್ಲಿ ರೇಷ್ಮೆ ಹುಳು

ಶಿಡ್ಲಘಟ್ಟ ತಾಲ್ಲೂಕು
10 ಜೂನ್ 2024

ಗ್ರಂಥಪಾಲಕರಿಗೆ,

ನನ್ನ ಹೆಸರು ಮೌನಿಕಾ. ಚಿಕ್ಕಬಳ್ಳಾಪುರದ ನಿಮ್ಮ ಕಾಲೇಜಿನಲ್ಲೇ ಬಿ.ಎಸ್ಸಿ. ಓದಿದವಳು. ಆಗ ನಿಮ್ಮ ಕುರ್ಚಿಯಲ್ಲಿ ಬೇರೆಯವರಿದ್ದರು, ಹಾಗಾಗಿ ನಿಮಗೆ ನನ್ನ ಪರಿಚಯ ಇರಲಾರದು. ಗ್ರಂಥಾಲಯದ ಕೊನೆಯಲ್ಲಿ, ಕಿಟಕಿಗೆ ಬೆನ್ನು ಹಾಕಿ ನಿಂತ ಸರ್ಕಾರಿ ಪ್ರಕಟಣೆಗಳ ಕಪಾಟುಗಳಿದ್ದವು. ಮೇಲೆ ವಿಜ್ಞಾನ, ಗಣಿತ, ತಂತ್ರಜ್ಞಾನ ಎಂದು ಚೀಟಿ ಅಂಟಿಸಿದ್ದರು. ಆ ಕಡೆಗೆ ಯಾರೂ ಬರುತ್ತಿರಲಿಲ್ಲವಾದ್ದರಿಂದ ನಾವು ಅದರ ಮರೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆವು.

ಈಗ ನನಗೆ ಆ ಕಪಾಟಿನಿಂದ ಒಂದು ಪುಸ್ತಕ ಬೇಕಾಗಿದೆ. ರೇಷ್ಮೆ ಹುಳು ಯಾವ ಯಾವ ಕಾರಣಕ್ಕೆ ಸಾಯುತ್ತದೆ ಎಂದು ಸರ್ಕಾರದವರು ಬರೆದಿರುವುದು. ಕನ್ನಡವಾದರೂ ಸರಿ, ಇಂಗ್ಲಿಷಾದರೂ ಸರಿ. ಸಂಬಂಧಪಟ್ಟ ಪುಟಗಳ ಜೆರಾಕ್ಸ್ ಕಳಿಸಿದರೆ ಸಾಕು.

ಮೊಬೈಲಿನಲ್ಲಿ ಹುಡುಕಿಕೊಳ್ಳಬಾರದೇ ಎಂದು ದಯವಿಟ್ಟು ಕೇಳಬೇಡಿ. ಮೊಬೈಲಿನಲ್ಲಿ ಬಂದದ್ದನ್ನು ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಸಿಂಹದ ಮುದ್ರೆ ಇರುವ ಕಾಗದಕ್ಕೆ ಮಾತ್ರ ಇಲ್ಲಿ ಬೆಲೆ. ಏಕೆ ಬೇಕು ಎಂಬುದು ನನ್ನ ಸ್ವಂತ ವಿಷಯ.

ಉತ್ತರವನ್ನು ನಮ್ಮೂರಿನ ಅಂಗನವಾಡಿಯ ಆಂಜಿನಮ್ಮನವರ ಹೆಸರಿಗೆ ಬರೆಯಿರಿ. ಲಕೋಟೆಯ ಮೇಲೆ ನನ್ನ ಹೆಸರು ಬೇಡ.

ಮೌನಿಕಾ


ಚಿಕ್ಕಬಳ್ಳಾಪುರ
18 ಜೂನ್ 2024

ಮಾನ್ಯರೇ,

ವಿಷಯ: ರೇಷ್ಮೆ ಹುಳುವಿನ ಕುರಿತ ಸರ್ಕಾರಿ ಪ್ರಕಟಣೆ ಕೋರಿರುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಕೃಷಿ ಮತ್ತು ಪ್ರಾಣಿಶಾಸ್ತ್ರ ವಿಭಾಗಗಳನ್ನು ಪರಿಶೀಲಿಸಲಾಗಿದೆ. ಅಂತಹ ಪುಸ್ತಕ ಲಭ್ಯವಿರುವುದಿಲ್ಲ.

ಇದು ಕಚೇರಿಯ ಉತ್ತರ. ನನ್ನ ಮಾತು ಇನ್ನೊಂದಿದೆ. ಲಕೋಟೆಯ ಮೇಲೆ ಹೆಸರು ಬೇಡ ಎನ್ನುವವರು, ಏಕೆ ಬೇಕೆಂದು ಕೇಳಬೇಡಿ ಎನ್ನುವವರು ಈ ಗ್ರಂಥಾಲಯಕ್ಕೆ ಮೊದಲೂ ಬಂದಿದ್ದಾರೆ. ಹೋದ ವರ್ಷ ಒಬ್ಬರು ಬಹಳ ವಿನಯದಿಂದ ಅಂತರ್ಜಲದ ವರದಿ ಕೇಳಿದರು. ಹೋದ ಮೇಲೆ ನೋಡಿದರೆ ಗೌರಿಬಿದನೂರು ಕಡೆಯ ನಕ್ಷೆಗಳೆಲ್ಲ ಬ್ಲೇಡಿನಲ್ಲಿ ಕತ್ತರಿಸಿಹೋಗಿದ್ದವು. ಜಮೀನು ಕೊಳ್ಳುವವರ ಕೆಲಸ ಎಂದು ಆಮೇಲೆ ತಿಳಿಯಿತು. ಅಂದಿನಿಂದ ಸರ್ಕಾರಿ ಕಪಾಟಿನ ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತದೆ.

ಅಗತ್ಯವಿದ್ದಲ್ಲಿ ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಬರತಕ್ಕದ್ದು.

ನರಸಿಂಹಮೂರ್ತಿ
ಗ್ರಂಥಪಾಲಕ


ಶಿಡ್ಲಘಟ್ಟ ತಾಲ್ಲೂಕು
25 ಜೂನ್ 2024

ನರಸಿಂಹಮೂರ್ತಿಯವರಿಗೆ,

ಪರಿಶೀಲಿಸಲಾಗಿದೆ ಎಂದು ಬರೆದಿದ್ದೀರಿ. ಯಾರು ಪರಿಶೀಲಿಸಿದ್ದು? ನೀವು ಕುರ್ಚಿಯಿಂದ ಎದ್ದಿರೋ ಇಲ್ಲವೋ ಎಂಬ ಅನುಮಾನ ನನಗಿದೆ. ನಾನು ಜಮೀನು ಕೊಳ್ಳುವವಳಲ್ಲ. ಇರುವ ಮನೆಯಲ್ಲಿ ಇರಲು ಒದ್ದಾಡುತ್ತಿರುವವಳು.

ಖುದ್ದಾಗಿ ಬರತಕ್ಕದ್ದು ಎಂದರೆ ಬರಲಾರೆ. ಎಂಟು ತಿಂಗಳ ಮಗುವಿದೆ. ಬಸ್ಸು ಹತ್ತಿದರೆ ಏಕೆ ಎಂದು ಕೇಳುವವರು ಮೂವರಿದ್ದಾರೆ. ಆದ್ದರಿಂದ ಹೇಳಬಾರದು ಅಂದುಕೊಂಡಿದ್ದನ್ನು ಹೇಳುತ್ತೇನೆ.

ನಮ್ಮದು ರೇಷ್ಮೆ ಮನೆ. ಮಾವ ಆವಲಪ್ಪ, ಅತ್ತೆ ಅಮ್ಮಾಜಮ್ಮ, ಗಂಡ ಮುರಳಿಮೋಹನ್. ಹುಳುಮನೆಯ ಯಜಮಾನಿಕೆ ಅತ್ತೆಯದು. ಅವರು ಬೆಳೆದ ಗೂಡು ನೋಡಲು ಪಕ್ಕದ ಊರಿನವರೂ ಬರುತ್ತಿದ್ದರು. ಫೆಬ್ರವರಿಯ ಬೆಳೆಯಲ್ಲಿ ಅತ್ತೆ ಒಂದು ದಿನ ಕೈವಾರಕ್ಕೆ ಹೋಗಿ ಅಲ್ಲೇ ಉಳಿದರು. ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ಹುಳು ಚರ್ಮ ಕಳಚುವ ಮೊದಲು ತಿನ್ನದೆ ಸುಮ್ಮನೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಎದ್ದ ಹುಳುವಿನ ಹಸಿವು ಕೇಳುವಂತಿಲ್ಲ. ಗಂಡಸರು ತೋಟದಲ್ಲಿದ್ದರು. ನಾನು ಒಳಗೆ ಹೋಗಿ ಸೊಪ್ಪು ಹಾಕಿದೆ. ಅವತ್ತು ನಾನು ಮುಟ್ಟಾಗಿದ್ದೆ.

ಸ್ವಲ್ಪ ದಿನಕ್ಕೇ ಹುಳು ತಲೆಯೆತ್ತಿ, ನೀರು ಕಕ್ಕಿ, ಬಿಲ್ಲಿನಂತೆ ಬಾಗಿ ಬಿತ್ತು. ರೇಷ್ಮೆ ಇಲಾಖೆಯವರು ಬರುವಷ್ಟರಲ್ಲಿ ಎಲ್ಲ ಗುಂಡಿಗೆ ಹೋಗಿತ್ತು. ಮೇ ತಿಂಗಳಿನ ಬೆಳೆಗೆ ನಾನು ಹುಳುಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ. ಅದೂ ಹಾಗೇ ಹೋಯಿತು. ಕದ್ದು ಹೋಗಿರುತ್ತಾಳೆ ಎಂದರು.

ಆಗಸ್ಟಿನಲ್ಲಿ ಮುಂದಿನ ಬೆಳೆ. ಅದಕ್ಕೆ ಮುಂಚೆ ನನ್ನನ್ನು ಮಗುವಿನ ಸಮೇತ ಗೌರಿಬಿದನೂರಿನ ತವರಿಗೆ ಕಳಿಸುವುದೆಂದು ತೀರ್ಮಾನವಾಗಿದೆ. ಆಮೇಲೆ ಪ್ರತಿ ಬೆಳೆಗೂ ಹಾಗೆಯೇ. ವರ್ಷಕ್ಕೆ ಐದು ಬೆಳೆ. ಅಂದರೆ ನನ್ನ ಸಂಸಾರ ಅರ್ಧ ವರ್ಷದ್ದು, ಉಳಿದರ್ಧ ಊರವರ ಬಾಯಿಗೆ.

ಈಗ ಪುಸ್ತಕ ಹುಡುಕುತ್ತೀರಾ?

ಮೌನಿಕಾ


ಚಿಕ್ಕಬಳ್ಳಾಪುರ
5 ಜುಲೈ 2024

ಶ್ರೀಮತಿ ಮೌನಿಕಾ ಅವರಿಗೆ,

ಪುಸ್ತಕ ಸಿಕ್ಕಿದೆ. ನಾನು ಕುರ್ಚಿಯಿಂದ ಎದ್ದಿದ್ದೆ, ಆದರೆ ತಪ್ಪು ಕಡೆಗೆ ನಡೆದಿದ್ದೆ.

ಸರ್ಕಾರದ ಪ್ರಕಟಣೆಗಳನ್ನು ಬೇರೆ ಪುಸ್ತಕಗಳ ಹಾಗೆ ವಿಷಯ ನೋಡಿ ಜೋಡಿಸುವುದಿಲ್ಲ. ಯಾವ ಇಲಾಖೆ ಹೊರಡಿಸಿತೋ ಅದರ ಹೆಸರಿನಲ್ಲಿ ಇಡುತ್ತಾರೆ. ವಿಜ್ಞಾನ, ಗಣಿತ, ತಂತ್ರಜ್ಞಾನ ಎಂಬ ಚೀಟಿಗಳು ತಪಾಸಣೆಗೆ ಬರುವವರ ಸಮಾಧಾನಕ್ಕೆ. ಒಳಗಿನ ಲೆಕ್ಕವೇ ಬೇರೆ. ರೇಷ್ಮೆ ಹುಳು ಒಂದು ಪ್ರಾಣಿ, ಅದು ತಿನ್ನುವುದು ರೈತನ ಬೆಳೆ, ಆದರೆ ಕೊನೆಗೆ ಆಗುವುದು ಸೀರೆ. ಹಾಗಾಗಿ ದೆಹಲಿಯ ಲೆಕ್ಕದಲ್ಲಿ ಅದು ಜವಳಿಗೆ ಸೇರಿದ್ದು. ಮಗ್ಗ, ಬಣ್ಣ, ಸೆಣಬಿನ ಚೀಲಗಳ ವರದಿಗಳ ನಡುವೆ ಇಂಗ್ಲಿಷಿನ ತೆಳ್ಳಗಿನ ಪುಸ್ತಕವೊಂದು ಕೂತಿತ್ತು. ಇದುವರೆಗೆ ಯಾರೂ ತೆಗೆದ ಗುರುತಿಲ್ಲ.

ಹುಳು ಸಾಯುವುದಕ್ಕೆ ಅದರಲ್ಲಿ ಅನೇಕ ಕಾರಣಗಳಿವೆ. ನೀವು ಬರೆದ ಲಕ್ಷಣ ಒಂದೆರಡಕ್ಕೆ ಹೊಂದುತ್ತದೆ. ಎಲ್ಲವನ್ನೂ ಕಳಿಸಿದರೆ ನಿಮ್ಮ ಮನೆಯವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಆದ್ದರಿಂದ ಕೆಲವು ಪ್ರಶ್ನೆ. ಸೊಪ್ಪು ಯಾರ ತೋಟದ್ದು? ಪಕ್ಕದಲ್ಲಿ ಯಾರು ಏನು ಬೆಳೆಯುತ್ತಾರೆ? ಹುಳುಮನೆ ಮನೆಗೆ ಅಂಟಿಕೊಂಡಿದೆಯೇ? ಒಳಗೆ ಊದುಬತ್ತಿ, ಧೂಪ, ಸುಣ್ಣಬಣ್ಣ ಏನಾದರೂ ಆಯಿತೇ?

ಜ್ವರ ಎಂದರೇನು ಎಂದು ನನಗೆ ವಿವರಿಸಬೇಕಾಗಿರಲಿಲ್ಲ. ನಾನೂ ಈ ಕಡೆಯವನೇ.

ನರಸಿಂಹಮೂರ್ತಿ


ಶಿಡ್ಲಘಟ್ಟ ತಾಲ್ಲೂಕು
12 ಜುಲೈ 2024

ನರಸಿಂಹಮೂರ್ತಿಯವರಿಗೆ,

ಜವಳಿಯಲ್ಲಿ ಹುಡುಕಬೇಕು ಎಂದು ನನಗೆ ಇನ್ನೊಂದು ಜನ್ಮಕ್ಕೂ ಹೊಳೆಯುತ್ತಿರಲಿಲ್ಲ. ಕುರ್ಚಿಯ ಮಾತು ವಾಪಸ್ ತೆಗೆದುಕೊಂಡಿದ್ದೇನೆ.

ನಿಮ್ಮ ಪ್ರಶ್ನೆಗಳಿಗೆ ಉತ್ತರ. ಸೊಪ್ಪು ನಮ್ಮದೇ ತೋಟದ್ದು. ಬದುವಿನ ಆಚೆ ಬಯ್ಯಪ್ಪ ಟೊಮೆಟೊ ಬೆಳೆಯುತ್ತಾನೆ. ಚಿಂತಾಮಣಿ ಮಾರುಕಟ್ಟೆಗೆ ಹಾಕುವವನು, ವಾರಕ್ಕೊಮ್ಮೆ ಔಷಧಿ ಹೊಡೆಯದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ನನ್ನ ಅನುಮಾನವೆಲ್ಲ ಅವನ ಮೇಲೆ. ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ ಹೊಡಿ ಎಂದು ನನ್ನ ಗಂಡ ಹೇಳಿದ್ದಕ್ಕೆ, "ಗಾಳೀಗೆ ಹೇಳಪ್ಪ, ನನಗ್ಯಾಕ್ ಹೇಳ್ತೀಯ" ಅಂದನಂತೆ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಅವನ ಔಷಧಿಯೇ ಕಾರಣ ಎಂದು ಸರ್ಕಾರದ ಪುಸ್ತಕ ಹೇಳಿದರೆ ನಾನು ಬಚಾವು.

ಹುಳುಮನೆ ನಮ್ಮ ನಡುಮನೆಗೆ ಅಂಟಿಕೊಂಡಿದೆ. ಮಧ್ಯದ ಗೋಡೆಯಲ್ಲಿ ಜಾಲರಿಯ ಕಿಟಕಿ. ಹುಳುವಿಗೆ ಸೊಪ್ಪು ಹಾಕುತ್ತಲೇ ಮೊಮ್ಮಗುವನ್ನು ನೋಡಬೇಕೆಂದು ಅತ್ತೆ ಜೋಲಿಯನ್ನು ಆ ಕಿಟಕಿಯ ಕೆಳಗೇ ಕಟ್ಟಿಸಿದ್ದಾರೆ. ಅಷ್ಟು ಜೀವ ಅವರಿಗೆ ಮಗು ಅಂದರೆ.

ಹೊಗೆಯ ಮಾತೇ ಇಲ್ಲ. ಊದುಬತ್ತಿಯನ್ನು ಕೂಡ ಅಂಗಳದಲ್ಲಿ ಹಚ್ಚಬೇಕು. ಸೊಳ್ಳೆ ಬತ್ತಿ ಹಚ್ಚಿದರೆ ಹುಳುವಿಗೆ ಆಗುವುದಿಲ್ಲ ಎಂದು ಅತ್ತೆ ಅದನ್ನು ಎತ್ತಿ ಬೀದಿಗೆ ಎಸೆದರು. ಅದಕ್ಕೇ ಅಪ್ಪ ಗೌರಿಬಿದನೂರಿನಿಂದ ಪ್ಲಗ್ಗಿಗೆ ಹಾಕುವ ಸೊಳ್ಳೆ ಮಿಷಿನ್ ತಂದುಕೊಟ್ಟರು. ಹೊಗೆ, ವಾಸನೆ ಏನೂ ಇಲ್ಲದ್ದು. ಫೆಬ್ರವರಿಯಿಂದ ದಿನಾ ಸಂಜೆ ಅದನ್ನೇ ಹಾಕುವುದು. ಮಗುವಿಗೂ ಸುಖ, ಹುಳುವಿಗೂ ತೊಂದರೆಯಿಲ್ಲ.

ಔಷಧಿ ಹೊಡೆಯುವ ವಿಷಯದ ಪುಟಗಳನ್ನು ಮೊದಲು ಕಳಿಸಿ.

ಮೌನಿಕಾ


ಚಿಕ್ಕಬಳ್ಳಾಪುರ
20 ಜುಲೈ 2024

ಶ್ರೀಮತಿ ಮೌನಿಕಾ ಅವರಿಗೆ,

ಪುಸ್ತಕದಲ್ಲಿ ನಿಮಗೆ ಉಪಯೋಗವಾಗಬಹುದಾದ ಪುಟಗಳ ಪ್ರತಿ ಲಗತ್ತಿಸಿದೆ. ಸೊಪ್ಪಿನ ಗುಣ, ಶಾಖ, ತೇವಾಂಶ, ಸೋಂಕು, ಎಲ್ಲ ಇವೆ. ವಿಷಬಾಧೆಯ ಭಾಗ ನಮ್ಮ ಪ್ರತಿಯಲ್ಲಿ ಹಾಳಾಗಿದೆ. ಹಳೆಯ ಕಾಗದ, ಪುಸ್ತಕದ ಹುಳು ತಿಂದಿರಬೇಕು.

ಒಂದು ಮಾತು ಹೇಳಲೇ? ಆಗಸ್ಟಿನ ಬೆಳೆ ಮುಗಿಯುವವರೆಗೆ ನೀವು ತವರಿನಲ್ಲಿ ಇರುವುದೇ ಒಳ್ಳೆಯದೇನೋ. ಮಗುವಿಗೂ ಸ್ಥಳ ಬದಲಾದಂತಾಗುತ್ತದೆ. ಹೋಗುವಾಗ ಮಗುವಿನ ಸಾಮಾನುಗಳನ್ನೆಲ್ಲ ಒಂದೂ ಬಿಡದೆ ತೆಗೆದುಕೊಂಡು ಹೋಗಿ.

ನರಸಿಂಹಮೂರ್ತಿ


ಶಿಡ್ಲಘಟ್ಟ ತಾಲ್ಲೂಕು
26 ಜುಲೈ 2024

ನರಸಿಂಹಮೂರ್ತಿಯವರಿಗೆ,

ನನ್ನನ್ನು ದಡ್ಡಿ ಅಂದುಕೊಂಡಿದ್ದೀರಿ. ನೀವು ಕಳಿಸಿದ ಪ್ರತಿಗಳ ಜೊತೆ ಪರಿವಿಡಿಯ ಪುಟವೂ ಬಂದಿದೆ. ವಿಷಬಾಧೆ ಎಂಬ ಅಧ್ಯಾಯ ಮಧ್ಯದಲ್ಲಿದೆ. ಅದರ ಹಿಂದಿನ ಪುಟ ಅಚ್ಚುಕಟ್ಟಾಗಿದೆ, ಮುಂದಿನ ಪುಟವೂ ಅಚ್ಚುಕಟ್ಟಾಗಿದೆ. ಪುಸ್ತಕದ ಹುಳು ಅಧ್ಯಾಯ ನೋಡಿಕೊಂಡು ತಿನ್ನುತ್ತದೆಯೇ? ಯಾರೂ ತೆಗೆದ ಗುರುತಿಲ್ಲ ಎಂದು ಮೂರು ವಾರದ ಹಿಂದೆ ಬರೆದವರು ನೀವೇ.

ಪುಟ ಬಚ್ಚಿಟ್ಟಿದ್ದೀರಿ. ಯಾರಿಗೋಸ್ಕರ? ಬಯ್ಯಪ್ಪನ ಅಳಿಯ ಚಿಕ್ಕಬಳ್ಳಾಪುರದಲ್ಲೇ ಔಷಧಿ ಅಂಗಡಿ ಇಟ್ಟಿದ್ದಾನೆ. ನಿಮಗೆ ಅವನು ಏನಾಗಬೇಕು? ಅಥವಾ ನಮ್ಮ ಮನೆಯಿಂದಲೇ ಯಾರಾದರೂ ನಿಮ್ಮ ಹತ್ತಿರ ಬಂದಿದ್ದರೇ? ಏಕೆಂದರೆ ನೀವು ಬರೆದ ಮಾತು ನಮ್ಮ ಅತ್ತೆಯ ಮಾತೇ. "ತವರಿಗೆ ಹೋಗ್ಬಾಮ್ಮ, ಮಗೂಗೂ ಜಾಗ ಬದ್ಲಾದಂಗಾಗುತ್ತೆ." ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ನನ್ನ ಜೊತೆ ಓದಿದ ಲಾವಣ್ಯ ಈಗ ಚಿಕ್ಕಬಳ್ಳಾಪುರದಲ್ಲಿದ್ದಾಳೆ. ಮುಂದಿನ ವಾರ ಗುರುತಿನ ಚೀಟಿ ಹಿಡಿದು ಖುದ್ದಾಗಿ ಬರುತ್ತಾಳೆ. ಜವಳಿ ಕಪಾಟು ಎಲ್ಲಿದೆ ಎಂದು ಅವಳಿಗೆ ಹೇಳಿದ್ದೇನೆ.

ಮೌನಿಕಾ


ಚಿಕ್ಕಬಳ್ಳಾಪುರ
1 ಆಗಸ್ಟ್ 2024

ಮೌನಿಕಾ ಅವರಿಗೆ,

ಲಾವಣ್ಯ ಅವರನ್ನು ಅಲೆಸಬೇಡಿ. ಪುಟಗಳು ಇದರ ಜೊತೆಯಲ್ಲಿವೆ. ಮುಖಪುಟವನ್ನೂ ಹಾಕಿದ್ದೇನೆ, ಸಿಂಹದ ಮುದ್ರೆ ಚೆನ್ನಾಗಿ ಮೂಡಿದೆ. ಹುಳು ತಿಂದಿರಲಿಲ್ಲ. ನಾನೇ ತಡೆದಿದ್ದೆ. ಬಯ್ಯಪ್ಪನೂ ಅವನ ಅಳಿಯನೂ ನನಗೆ ಯಾರೆಂದು ಗೊತ್ತಿಲ್ಲ.

ಓದುವ ಮೊದಲು ಏಕೆ ತಡೆದೆ ಎಂದು ಕೇಳಿ. ನೀವು ಬರೆದಂತೆ ಬಾಗಿ, ನೀರು ಕಕ್ಕಿ ಸಾಯುವುದಕ್ಕೆ ಕಾರಣವಾಗಿ ಹೊಲದ ಔಷಧಿಯ ಜೊತೆಗೇ ಇನ್ನೊಂದನ್ನು ಹೇಳಿದ್ದಾರೆ. ಸೊಳ್ಳೆ ಓಡಿಸುವ ದ್ರವದ ಆವಿ. ಹೊಗೆಯಿಲ್ಲದಿದ್ದರೂ, ವಾಸನೆಯಿಲ್ಲದಿದ್ದರೂ ಅದು ಹುಳುವಿಗೆ ವಿಷ, ಪಕ್ಕದ ಕೋಣೆಯಲ್ಲೂ ಇಡಕೂಡದು ಎಂದಿದೆ. ನಿಮ್ಮ ಪತ್ರದಲ್ಲಿ ಜಾಲರಿಯ ಕಿಟಕಿ, ಅದರ ಕೆಳಗೆ ಜೋಲಿ, ದಿನಾ ಸಂಜೆ ನಿಮ್ಮ ತಂದೆ ಕೊಟ್ಟ ಮಿಷಿನ್. ನೀವು ಕೇಳಿದ್ದು ನಿಮ್ಮ ತಪ್ಪಿಲ್ಲ ಎಂಬುದಕ್ಕೆ ಸಾಕ್ಷಿ. ನಾನು ಕಳಿಸಬೇಕಾಗಿದ್ದು ನಿಮ್ಮ ಕೈಯಿಂದಲೇ ಆಯಿತು ಎಂಬುದಕ್ಕೆ ಸಾಕ್ಷಿ. ನೀವೇ ಅದನ್ನು ಅವರ ಮುಂದೆ ಓದಿದರೆ ಏನಾಗುತ್ತದೆ? ಮಿಷಿನ್ ನಿಮ್ಮ ಜೊತೆ ಗೌರಿಬಿದನೂರಿಗೆ ಹೋದರೆ ಬೆಳೆ ತಾನಾಗಿ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ.

ನನ್ನ ತಾಯಿ ಅನಸೂಯಮ್ಮ ಚಿಂತಾಮಣಿ ಕಡೆಯ ರೇಷ್ಮೆ ಮನೆಗಳಲ್ಲಿ ಕೂಲಿಗೆ ಸೊಪ್ಪು ಕೊಯ್ದವರು. ಅವರು ಕೊಯ್ದ ಸೊಪ್ಪು ಒಳಗೆ ಹೋಗುತ್ತಿತ್ತು, ಅವರು ಹೋಗುವಂತಿರಲಿಲ್ಲ. ಬೆಳೆ ಕೆಟ್ಟಾಗ ಮೊದಲು ಕೇಳುತ್ತಿದ್ದದ್ದು ಅವರ ನೆರಳು ಎಲ್ಲಿ ಬಿತ್ತು ಎಂದೇ. ಅಂಥ ಮನೆಗಳ ಸಿಟ್ಟು ನನಗೆ ಗೊತ್ತು. ಅದಕ್ಕೇ ಹೆದರಿದೆ. ನಿಮಗೆ ಹೇಳದೆ ನಿಮ್ಮ ಪರವಾಗಿ ನಿರ್ಧರಿಸಿದ್ದು ತಪ್ಪು.

ನರಸಿಂಹಮೂರ್ತಿ


ಚಿಕ್ಕಬಳ್ಳಾಪುರ
28 ಆಗಸ್ಟ್ 2024

ಮೌನಿಕಾ ಅವರಿಗೆ,

ಪುಟ ಕಳಿಸಿ ತಿಂಗಳಾಗುತ್ತಾ ಬಂತು. ಉತ್ತರವಿಲ್ಲ. ಆಂಜಿನಮ್ಮನವರಿಗೆ ಬೇರೆ ಕಾರ್ಡು ಹಾಕಿದೆ, ಅವರಿಂದಲೂ ಇಲ್ಲ. ಪತ್ರ ಬೇರೆಯವರ ಕೈಗೆ ಸಿಕ್ಕಿತೇ? ನನ್ನ ಹೆಸರು ನೋಡಿ ಇವನ್ಯಾರು, ಯಾವ ಜನ ಎಂದು ವಿಚಾರಿಸಿದರೇ? ಪುಟ ಕಳಿಸದಿದ್ದಾಗಲೂ ನನಗೆ ಸಮಾಧಾನವಿರಲಿಲ್ಲ, ಕಳಿಸಿದ ಮೇಲೂ ಇಲ್ಲ.

ಚೆನ್ನಾಗಿದ್ದೇನೆ ಎಂದು ಒಂದು ಸಾಲು ಬರೆಯಿರಿ. ಬೈದು ಬರೆದರೂ ಸರಿ.

ನರಸಿಂಹಮೂರ್ತಿ


ಶಿಡ್ಲಘಟ್ಟ ತಾಲ್ಲೂಕು
16 ಸೆಪ್ಟೆಂಬರ್ 2024

ನರಸಿಂಹಮೂರ್ತಿಯವರಿಗೆ,

ನಾನು ಗೌರಿಬಿದನೂರಿನಲ್ಲಿದ್ದೆ. ನೀವು ಆಗಸ್ಟ್ ಕೊನೆಗೆ ಬರೆದ ಪತ್ರ ಆಂಜಿನಮ್ಮನ ಪೆಟ್ಟಿಗೆಯಲ್ಲಿ ಕಾಯುತ್ತಿತ್ತು. ಆಕೆಗೆ ನನ್ನ ತವರಿನ ವಿಳಾಸ ಗೊತ್ತಿರಲಿಲ್ಲ, ನಮ್ಮ ಮನೆಗೆ ಬಂದು ಕೇಳುವ ಧೈರ್ಯವೂ ಇರಲಿಲ್ಲ.

ನೀವು ಒಂದು ಕಡೆ ತಪ್ಪು ಓದಿಕೊಂಡಿರಿ. ಮಿಷಿನ್ ತಂದದ್ದು ನನ್ನಪ್ಪ ನಿಜ. ದಿನಾ ಸಂಜೆ ದೀಪ ಹಚ್ಚಿದ ಕೂಡಲೇ ಅದನ್ನು ಪ್ಲಗ್ಗಿಗೆ ಸಿಕ್ಕಿಸುತ್ತಿದ್ದದ್ದು ಅತ್ತೆ. ನಾನು ಮರೆತೇನು ಎಂದು ಆ ಕೆಲಸವನ್ನು ನನಗೆ ಬಿಟ್ಟಿರಲೇ ಇಲ್ಲ. ನಿಮ್ಮ ಪುಟ ಓದಿದಾಗ ಮೊದಲು ನನಗಾದದ್ದು ಖುಷಿ, ಸುಳ್ಳು ಹೇಳುವುದಿಲ್ಲ. ಸಿಕ್ಕಿಬಿದ್ದರು ಅನ್ನಿಸಿತು.

ಊಟ ಆದ ಮೇಲೆ ಎಲ್ಲರ ಮುಂದೆ ಓದಿ ಕನ್ನಡದಲ್ಲಿ ಹೇಳಿದೆ. ಮಾವ ಮುಖಪುಟ ಇಸಕೊಂಡು ಸಿಂಹದ ಮೇಲೆ ಬೆರಳಾಡಿಸಿದರು. ಅತ್ತೆ, "ಅದಕ್ಕೆ ವಾಸನೇನೇ ಇಲ್ಲ ಕಣಮ್ಮ. ಹೊಗೆ ಇಲ್ಲ. ಏನ್ ಸಾಯ್ಸುತ್ತೆ ಅದು?" ಅಂದರು.

"ಸರ್ಕಾರದೋರು ಬರ್ದವ್ರೆ ಕಣೇ," ಅಂದರು ಮಾವ.

"ಬರ್ದೋರು ಒಂದಿನ ಹುಳ ಮೇಯ್ಸವ್ರಾ ಕೇಳು. ಚಾಲ್ಲೆಮ್ಮ, ಸಾಕು, ಮಲ್ಕೋ ಹೋಗು."

ಮರುದಿನ ಬೆಳಿಗ್ಗೆ ಪ್ಲಗ್ಗಿನಲ್ಲಿ ಮಿಷಿನ್ ಇರಲಿಲ್ಲ. ಎಲ್ಲಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಜೋಲಿಗೆ ಸೊಳ್ಳೆ ಪರದೆ ಬಂತು. ಇನ್ನು ನನ್ನನ್ನು ಕಳಿಸುವುದಿಲ್ಲ ಅಂದುಕೊಂಡೆ. ಎರಡು ದಿನ ಬಿಟ್ಟು ಗಂಡ ಬ್ಯಾಗು ಹಿಡಿದು ಬಸ್ಸಿಗೆ ಹತ್ತಿಸಿದರು.

ಅಪ್ಪ ಕುಡುಮಲಕುಂಟೆಯ ಕಾರ್ಖಾನೆಯಿಂದ ಬರುವ ಹೊತ್ತಿಗೆ ದಿನಾ ಒಂದೇ ಪ್ರಶ್ನೆ, ಫೋನ್ ಬಂತಾ ಅಂತ. ತಿಂಗಳ ಕೊನೆಗೆ ಬಂತು. ಗೂಡು ಬಂಗಾರದ ಹಾಗೆ ಆಗಿದೆಯಂತೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಜನ ನಿಂತು ನೋಡಿದರಂತೆ. ನಾನು ವಾಪಸ್ ಬಂದು ನೀರಿಗೆ ಹೋದರೆ ಹೆಂಗಸರು ದಾರಿ ಬಿಟ್ಟು ನಿಂತರು. "ನೋಡು, ಸೊಸೇನ ಆಚೆ ಇಟ್ಟಿದ್ದೇ ಇಟ್ಟಿದ್ದು, ಹುಳ ಹೆಂಗ್ ಬಂತು" ಎಂದು ಬಯ್ಯಪ್ಪನ ಹೆಂಡತಿ ನನಗೆ ಕೇಳುವ ಹಾಗೆಯೇ ಅಂದಳು. ಅತ್ತೆ ಅಲ್ಲೇ ಇದ್ದರು. ಅಲ್ಲ ಅನ್ನಲಿಲ್ಲ.

ಈಗ ನೋಡಿ, ಬೆಳೆ ಕೆಟ್ಟಾಗ ನನ್ನ ಮೇಲೆ ಅನುಮಾನವಿತ್ತು. ಬೆಳೆ ಚೆನ್ನಾಗಿ ಬಂದು ಅದು ರುಜುವಾತಾಯಿತು. ಮಿಷಿನ್ನೂ ಹೋಯಿತು, ನಾನೂ ಹೋದೆ. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ ಎಂಬುದನ್ನು ಬಿ.ಎಸ್ಸಿ. ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರೆ. ಅಕ್ಟೋಬರಿನಲ್ಲಿ ಮುಂದಿನ ಬೆಳೆ. ನಾನು ಒಳಗೆ ಹೋಗುತ್ತೇನೆ.

ಮೌನಿಕಾ


ಚಿಕ್ಕಬಳ್ಳಾಪುರ
24 ಸೆಪ್ಟೆಂಬರ್ 2024

ಮೌನಿಕಾ ಅವರಿಗೆ,

ನೀವು ಕ್ಷೇಮ ಎಂದು ತಿಳಿದು ನೆಮ್ಮದಿಯಾಯಿತು. ಆದರೆ ಒಳಗೆ ಹೋಗುವುದು ಬೇಡ. ಹುಳು ನಂಬಿಕೊಂಡಿರಬಹುದಾದ ಜೀವವಲ್ಲ. ಮಳೆ ಹೆಚ್ಚಾಗಬಹುದು, ಸೋಂಕು ಬರಬಹುದು, ಬಯ್ಯಪ್ಪ ನಿಜವಾಗಿಯೂ ಗಾಳಿ ನೋಡದೆ ಔಷಧಿ ಹೊಡೆಯಬಹುದು. ಯಾವ ಕಾರಣಕ್ಕೆ ಸತ್ತರೂ ನಿಮ್ಮ ಹೆಸರಿಗೇ ಬರುತ್ತದೆ. ಆಮೇಲೆ ಯಾವ ಇಲಾಖೆಯ ಪುಸ್ತಕವೂ ನಿಮ್ಮನ್ನು ಕಾಯುವುದಿಲ್ಲ. ಮಿಷಿನ್ ಹೋಗಿದೆಯಲ್ಲ, ಅಷ್ಟಕ್ಕೆ ಬಿಡಿ. ಕಾಲ ಕಳೆದಂತೆ ಜನ ಮರೆಯುತ್ತಾರೆ.

ಮತ್ತೆ ನಿಮ್ಮ ಪರವಾಗಿ ನಿರ್ಧರಿಸುತ್ತಿದ್ದೇನೆ ಎಂದು ಗೊತ್ತು. ಹೆದರಿಕೆಯಿಂದ ಬರೆದ ಪತ್ರ ಇದು.

ನರಸಿಂಹಮೂರ್ತಿ


ಶಿಡ್ಲಘಟ್ಟ ತಾಲ್ಲೂಕು
10 ನವೆಂಬರ್ 2024

ನರಸಿಂಹಮೂರ್ತಿಯವರಿಗೆ,

ನಿಮ್ಮ ಪತ್ರ ಓದಿ ಎರಡು ದಿನ ಹಿಂಜರಿದೆ. ಆಮೇಲೆ ಹಿಂಜರಿಯಲಿಲ್ಲ.

ಚಾಕಿ ಹುಳು, ಅಂದರೆ ಇನ್ನೂ ಎಳೆಯ ಹುಳು, ಮನೆಗೆ ಬರುವ ದಿನ ಗಂಡ ಮತ್ತೆ ಬ್ಯಾಗು ತಂದು ಇಟ್ಟರು. ನಾನು ಬಾಗಿಲಲ್ಲಿರುವ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಕೊಂಡು ಹುಳುಮನೆಯೊಳಗೆ ಹೋಗಿ ನಿಂತೆ. "ನಾನು ಹೋಗಲ್ಲ. ಈ ಬೆಳೆ ನಾನೂ ಮೇಯಿಸ್ತೀನಿ" ಅಂದೆ.

"ಬೆಳೆ ಹೋದ್ರೆ?" ಅಂದರು ಗಂಡ.

"ಹೋದ್ರೆ ನಾನೇ ಗೌರಿಬಿದನೂರಿಗೆ ಹೋಗ್ತೀನಿ. ಕರ್ಕೊಂಡ್ ಬರೋಕೆ ನೀವ್ಯಾರೂ ಬರ್ಬೇಡಿ."

ಅವರು ತಾಯಿಯ ಮುಖ ನೋಡಿದರು. ಅತ್ತೆ ಸೊಪ್ಪು ಕತ್ತರಿಸುತ್ತಿದ್ದವರು ಕತ್ತರಿಸುತ್ತಲೇ ಇದ್ದರು. ಮಾವ, "ಇರ್ಲಿ ಬಿಡೋ" ಅಂದರು. ಈ ಮನೆಯಲ್ಲಿ ನನ್ನ ಪರವಾಗಿ ಬಿದ್ದ ಮೊದಲ ಮಾತು ಅದು.

ನಿಮಗೆ ಹೇಳಲು ನಾಚಿಕೆಯಾಗುವ ವಿಷಯ ಒಂದಿದೆ. ದಿನಾ ಸಂಜೆ ನಾನು ಮನೆಯ ಪ್ಲಗ್ಗುಗಳನ್ನೆಲ್ಲ ತಡಕುತ್ತಿದ್ದೆ. ಬಟ್ಟೆ ಗಂಟು, ಅಕ್ಕಿ ಡಬ್ಬದ ಹಿಂದೆ, ಅತ್ತೆಯ ಟ್ರಂಕಿನ ಕೆಳಗೆ, ಎಲ್ಲ ಕಡೆ ಆ ಮಿಷಿನ್ ಹುಡುಕಿದೆ. ನಾನು ಮೇಯಿಸಿದ ಬೆಳೆ ಕೆಡಲಿ ಎಂದು ಅವರೇ ಅದನ್ನು ಹಾಕಿಬಿಟ್ಟರೆ? ಅನುಮಾನ ನನಗೂ ಹಾಗೆ ಮೈಗೆ ಹತ್ತಿಕೊಂಡಿತ್ತು.

ಹುಳು ನಾಲ್ಕನೇ ಜ್ವರದಿಂದ ಎದ್ದ ದಿನವೇ ನಾನು ಮುಟ್ಟಾದೆ. ಮುಚ್ಚಿಡಬಹುದಿತ್ತು. ಮುಚ್ಚಿಟ್ಟರೆ ಒಳಗೆ ಹೋದದ್ದಕ್ಕೆ ಅರ್ಥವೇ ಇರಲಿಲ್ಲ. ಅತ್ತೆಗೆ ಹೇಳಿದೆ, ಹೇಳಿಯೇ ಸೊಪ್ಪಿನ ಕುಕ್ಕೆ ಎತ್ತಿಕೊಂಡು ಹೋದೆ. ಅವರು ತಡೆಯಲಿಲ್ಲ. ಹೊಸ್ತಿಲ ಮೇಲೆ ಕೂತರು. ನಾನು ಒಳಗೆ ಇದ್ದಷ್ಟು ಹೊತ್ತೂ ಕೂತೇ ಇದ್ದರು, ಊಟಕ್ಕೂ ಏಳಲಿಲ್ಲ.

ಸಂಜೆ ನಾನು ಹೊರಗೆ ಬಂದು ಅಭ್ಯಾಸಬಲದಿಂದ ಕಿಟಕಿಯ ಪಕ್ಕದ ಪ್ಲಗ್ಗಿನ ಹತ್ತಿರ ಬಗ್ಗಿದೆ.

"ಏನ್ ಹುಡುಕ್ತೀಯಮ್ಮ ದಿನಾ?" ಅಂದರು.

ನಾನು ಪ್ಲಗ್ಗಿನಿಂದ ಕೈ ತೆಗೆದೆ.

"ಆ ಮಿಷಿನ್ನಾ? ಹುಳ ಹಾಕಿದ್ ಗುಂಡೀಲೇ ಹಾಕ್ದೆ. ನೀನು ಓದಿದ್ ದಿನಾನೇ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿಯಿತು. "ಹಂಗಾದ್ರೆ ನಿಮಗೆ ಅವತ್ತೇ ಗೊತ್ತಾಗಿತ್ತು. ಗೊತ್ತಿದ್ದೂ ನನ್ನ ಕಳಿಸಿದ್ರಿ. ಬಯ್ಯಪ್ಪನ ಹೆಂಡ್ತಿ ಅಷ್ಟೊಂದು ಅಂದಾಗ ಸುಮ್ನೆ ನಿಂತಿದ್ರಿ."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. "ಈ ಮನೇಗೆ ಬಂದಾಗ್ನಿಂದ ಹುಳ ಮೇಯ್ಸಿದೀನಿ. ಅದೊಂದೇ ನನಗ್ ಬರೋದು. ನನ್ ಕೈಯಾರೆ ಎರಡ್ ಬೆಳೆ ಕೊಂದೆ ಅಂತ ಹೆಂಗಮ್ಮ ಹೇಳ್ಲಿ ನಾನು ಊರಿಗೆ?"

ಕ್ಷಮಿಸಿಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಕೋಪವಿತ್ತು, ಅದರ ಜೊತೆಗೇ ಅಯ್ಯೋ ಅನ್ನಿಸಿತು. ಮರುದಿನವೂ ನಾನು ಒಳಗೆ ಹೋದೆ, ಅವರೂ ಬಂದರು. ಇಬ್ಬರೂ ಎರಡು ಕಡೆಯಿಂದ ಸೊಪ್ಪು ಹಾಕಿಕೊಂಡು ಬಂದೆವು. ಹುಳು ತಿನ್ನುವ ಸದ್ದು ಮಾತ್ರ ಕೇಳುತ್ತಿತ್ತು.

ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಯಿತು. ಒಂದೂ ಬಾಗಲಿಲ್ಲ. ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರ ತಟ್ಟೆಗೆ, ಬಿಟ್ಟದ್ದು ನಾನೇ.

ಮೊನ್ನೆ ಗೂಡು ಬಿಡಿಸುವುದಿತ್ತು. ನಮ್ಮ ಕಡೆ ಅದಕ್ಕೆ ಅಕ್ಕಪಕ್ಕದ ಹೆಂಗಸರೆಲ್ಲ ಬರುತ್ತಾರೆ. ಅಂಗಳದಲ್ಲಿ ಚಂದ್ರಿಕೆಗಳನ್ನು ಹರಡಿ ನಾನು ಕೂತಿದ್ದೆ. ಬಯ್ಯಪ್ಪನ ಹೆಂಡತಿ ಬಂದವಳು ಕೂರದೆ ನಿಂತಳು. "ಇವಳ್ ಕೈಯಲ್ ಮುಟ್ಟಿಸ್ತೀಯಾ ಅಮ್ಮಾಜಮ್ಮ? ಹೋದ್ಸಲ ಆಚೆ ಇಟ್ಟಿದ್ಕೆ ಅಲ್ವಾ ಬೆಳೆ ಬಂದಿದ್ದು?" ಅಂದಳು. ಎಲ್ಲರ ಕೈ ನಿಂತಿತು. ನಾನು ಅತ್ತೆಯ ಕಡೆ ನೋಡಲಿಲ್ಲ. ಅವತ್ತು ನೀರಿನ ಹತ್ತಿರ ನಿಂತ ಹಾಗೆಯೇ ಇವತ್ತೂ ನಿಲ್ಲುತ್ತಾರೆ ಎಂದು ನನಗೆ ಖಾತ್ರಿಯಿತ್ತು.

"ಇವಳು ಮುಟ್ಟಾಗಿದ್ದಾಗ ಮೇಯ್ಸಿದ್ ಹುಳ ಇದು," ಅಂದರು ಅತ್ತೆ. "ನಾನೇ ಬಾಗ್ಲಲ್ ಕೂತು ನೋಡಿದೀನಿ. ಮೊದ್ಲೆರಡ್ ಬೆಳೆ ಕೊಂದೋಳು ನಾನು. ಮಗೂಗೆ ಅಂತ ಸೊಳ್ಳೆ ಮಿಷಿನ್ ಹಾಕಿ ಕೊಂದೆ. ಗೊತ್ತಾದ್ಮೇಲೂ ಇವಳನ್ನೇ ಆಚೆ ಕಳಿಸ್ದೆ. ಗೂಡು ಬಿಡಿಸೋರು ಕೂತ್ಕೊಳ್ಳಿ. ಇಷ್ಟ ಇಲ್ಲದೋರು ಮನೇಗ್ ಹೋಗಿ."

ಬಯ್ಯಪ್ಪನ ಹೆಂಡತಿ ಹೋದಳು. ಉಳಿದವರು ಕೂತರು. ಈ ಮಾತಿಗೋಸ್ಕರ ನಾನು ವರ್ಷವಿಡೀ ಕಾದಿದ್ದೆ, ಬಂದರೆ ತಲೆಯೆತ್ತಿ ಎಲ್ಲರ ಮುಖ ನೋಡಬೇಕು ಅಂದುಕೊಂಡಿದ್ದೆ. ಆಗಲಿಲ್ಲ. ಅತ್ತೆ ಬಂದು ನನ್ನ ಪಕ್ಕದಲ್ಲೇ ಕೂತು ಗೂಡು ಬಿಡಿಸತೊಡಗಿದರು. ಅವರು ನನ್ನ ಕಡೆ ತಿರುಗಲಿಲ್ಲ, ನಾನೂ ಅವರ ಕಡೆ ತಿರುಗಲಿಲ್ಲ. ಇಬ್ಬರಿಗೂ ಅಳು ಬಂದಿತ್ತು.

ಮೌನಿಕಾ